ಟೇಕ್‌ಗೂ ಟೇಕ್‌ಗೂ ನಡುವೆ: ದಿನಾ ಧ್ಯಾನ ಮಾಡಿದರೆ ಸಿನಿಮಾ ಕೆಲಸದಲ್ಲಿ ಹೆಚ್ಚು ಕಾಲ ಉಳಿಯಬಹುದಾ?

ಸಿನಿಮಾ ಕೆಲಸದಲ್ಲಿ ಜಾಸ್ತಿ ಸಮಯ ಹೋಗುವುದು ಕಾಯುವುದರಲ್ಲಿ. ಹೊರಗಿನಿಂದ ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ಲೈಟಿಂಗ್ ಆಗುವವರೆಗೆ ಕಾಯಬೇಕು, ಮೋಡ ಸರಿಯುವವರೆಗೆ ಕಾಯಬೇಕು, ನಟರು ಮೇಕಪ್ ಮುಗಿಸಿ ಬರುವವರೆಗೆ ಕಾಯಬೇಕು. ಅದಕ್ಕೂ ಮುಂಚೆ ನಿರ್ಮಾಪಕರು ಹೂಂ ಅನ್ನುವವರೆಗೆ ತಿಂಗಳುಗಟ್ಟಲೆ ಕಾದಿರುತ್ತೇವೆ. ಸಿನಿಮಾ ಮುಗಿದ ಮೇಲೆ ಬಿಡುಗಡೆಗೆ ಕಾಯಬೇಕು, ಬಿಡುಗಡೆ ಆದ ಮೇಲೆ ಜನ ಏನಂತಾರೋ ಅಂತ ಕಾಯಬೇಕು, ಅದೂ ಮುಗಿದ ಮೇಲೆ ಮುಂದಿನ ಸಿನಿಮಾ ಯಾವಾಗ ಅಂತ ಕಾಯಬೇಕು. ಕಾಯುವಾಗ ಕೈಗೆ ಕೆಲಸ ಇರುವುದಿಲ್ಲ. ತಲೆಗೆ ಮಾತ್ರ ಬಿಡುವೇ ಇರುವುದಿಲ್ಲ.

ನಾನು ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಶುರು ಮಾಡಿದವನು, ಈಗ ಹೆಚ್ಚಾಗಿ ಎಡಿಟಿಂಗ್ ಮಾಡುತ್ತೇನೆ. ನನ್ನ ಜೊತೆ ಬಂದವರಲ್ಲಿ ನನಗಿಂತ ಎಷ್ಟೋ ಪಾಲು ಪ್ರತಿಭೆ ಇದ್ದವರು ಹತ್ತು ವರ್ಷ ತುಂಬುವ ಮೊದಲೇ ಈ ಕೆಲಸ ಬಿಟ್ಟು ಹೋದರು. ಕೆಲಸ ಸಿಗದೆ ಬಿಟ್ಟವರು ಕೆಲವರು. ಕೆಲಸ ಇದ್ದೂ ಒಳಗೊಳಗೇ ಬಳಲಿ ಬಿಟ್ಟವರು ಜಾಸ್ತಿ. ಅದಕ್ಕೇ ಧ್ಯಾನ ಮಾಡಿದರೆ ಒಳ್ಳೆ ಐಡಿಯಾ ಬರುತ್ತಾ ಅಂತ ಯಾರಾದರೂ ಕೇಳಿದರೆ ನನಗೆ ಅದು ಅಷ್ಟು ಮುಖ್ಯವಾದ ಪ್ರಶ್ನೆ ಅನಿಸುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷ ಈ ಕೆಲಸವನ್ನು ಪ್ರೀತಿಯಿಂದ ಮಾಡುತ್ತಾ ಇರಲು ಧ್ಯಾನ ಸಹಾಯ ಮಾಡುತ್ತಾ, ಅದು ಪ್ರಶ್ನೆ.

ನನ್ನ ಉತ್ತರ, ಮಾಡುತ್ತದೆ. ಹೇಗೆ ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರ ಬಗ್ಗೆ ಸಿಗುವ ಮಾತುಗಳಲ್ಲಿ ಅರ್ಧಕ್ಕರ್ಧ ಉತ್ಪ್ರೇಕ್ಷೆ.

ಮೊದಲು ಧ್ಯಾನಕ್ಕೆ ಕೂತಾಗ ನಿಜವಾಗಿ ಏನಾಗುತ್ತದೆ ಅಂತ ನೋಡೋಣ. ಬೆಳಗ್ಗೆ ಎದ್ದು ಮುಖ ತೊಳೆದು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೀರಿ ಅಂತಿಟ್ಟುಕೊಳ್ಳಿ. ಫೋನು ಪಕ್ಕದ ರೂಮಲ್ಲಿದೆ. ಕಣ್ಣು ಮುಚ್ಚಿದ್ದೀರಿ. ಉಸಿರು ಮೂಗಿನ ತುದಿಯಲ್ಲಿ ತಣ್ಣಗೆ ಒಳಗೆ ಹೋಗುವುದು, ಬೆಚ್ಚಗೆ ಹೊರಗೆ ಬರುವುದು ತಿಳಿಯುತ್ತಿದೆ. ಒಂದು ಉಸಿರು, ಎರಡು, ಮೂರು. ನಾಲ್ಕನೆಯದರ ಹೊತ್ತಿಗೆ ಇವತ್ತು ತೆಗೆಯಬೇಕಾದ ಸೀನು ನೆನಪಾಯಿತು. ಹಿಂದಿನ ಶೆಡ್ಯೂಲಿನಲ್ಲಿ ಹೀರೋ ಕೈಗಡಿಯಾರ ಎಡಗೈಲಿತ್ತಾ, ಬಲಗೈಲಿತ್ತಾ? ಕಂಟಿನ್ಯುಯಿಟಿ ಫೋಟೋ ಯಾರ ಹತ್ತಿರ ಇದೆ? ಆ ಹುಡುಗ ಮೊನ್ನೆಯಿಂದ ಫೋನ್ ಎತ್ತುತ್ತಿಲ್ಲ. ಅವನಿಗೆ ಪೇಮೆಂಟ್ ಆಗಿಲ್ಲ. ನನಗೂ ಆಗಿಲ್ಲ. ಕೇಳಿದರೆ ಮುಂದಿನ ಸಿನಿಮಾಗೆ ಕರೆಯದೇ ಇದ್ದರೆ? ಹೀಗೆ ಎಲ್ಲಿಂದ ಎಲ್ಲಿಗೋ ಹೋಗಿ, ಥಟ್ಟನೆ ಒಂದು ಕ್ಷಣ ಎಚ್ಚರ ಆಗುತ್ತದೆ. ಅರೆ, ನಾನು ಉಸಿರು ಗಮನಿಸುತ್ತಾ ಕೂತಿದ್ದೆ ಅಲ್ವಾ? ಅಲ್ಲಿಂದ ಮೆತ್ತಗೆ ಉಸಿರಿಗೆ ವಾಪಸ್ ಬರುತ್ತೀರಿ. ಮತ್ತೆ ಮೂರು ಉಸಿರು. ಮತ್ತೆ ಮನಸ್ಸು ಇನ್ನೆಲ್ಲೋ.

ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ನನಗೆ ಧ್ಯಾನ ಬರುವುದಿಲ್ಲ, ಮನಸ್ಸು ನಿಲ್ಲುವುದೇ ಇಲ್ಲ ಅನ್ನುತ್ತಾರೆ. ಆದರೆ ಆ ಥಟ್ಟನೆ ಎಚ್ಚರ ಆದ ಕ್ಷಣವೇ ಅಭ್ಯಾಸ. ಸೆಟ್ಟಿನಲ್ಲಿ ಫೋಕಸ್ ಪುಲ್ಲರ್, ಅಂದರೆ ಕ್ಯಾಮೆರಾದ ಫೋಕಸ್ ನೋಡಿಕೊಳ್ಳುವವನ ಕೆಲಸ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ನಟ ಗುರುತು ಹಾಕಿದ ಜಾಗಕ್ಕಿಂತ ಒಂದು ಗೇಣು ಮುಂದೆ ಬಂದ, ಮುಖ ಮಸುಕಾಯಿತು. ಒಳ್ಳೆ ಫೋಕಸ್ ಪುಲ್ಲರ್ ಅದನ್ನು ಕೂಡಲೇ ಕಂಡುಹಿಡಿದು, ಗಾಬರಿಯಿಂದ ರಿಂಗನ್ನು ಜಗ್ಗದೆ, ನೋಡುವವರಿಗೆ ಗೊತ್ತೇ ಆಗದ ಹಾಗೆ ಮುಖವನ್ನು ಮತ್ತೆ ಸ್ಪಷ್ಟ ಮಾಡುತ್ತಾನೆ. ಫೋಕಸ್ ಯಾವತ್ತೂ ತಪ್ಪದವನು ಅಂತ ಯಾರೂ ಇಲ್ಲ. ಎಷ್ಟು ಬೇಗ ಗೊತ್ತಾಗುತ್ತದೆ, ಎಷ್ಟು ನಯವಾಗಿ ವಾಪಸ್ ತರುತ್ತಾನೆ, ಅದರಲ್ಲಿದೆ ಅವನ ಕಸುಬು.

ಈ ಹೋಗುವುದು, ಎಚ್ಚರ ಆಗುವುದು, ಮರಳುವುದು ಅನ್ನುವ ಸುತ್ತನ್ನು 2012ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಮಿದುಳು ಸ್ಕ್ಯಾನರ್‌ನಲ್ಲೇ ನೋಡಿದರು. ಧ್ಯಾನ ಅಭ್ಯಾಸ ಇದ್ದ 14 ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಉಸಿರಿನ ಮೇಲೆ ಗಮನ ಇಡಿ, ಮನಸ್ಸು ಬೇರೆ ಕಡೆ ಹೋಗಿದೆ ಅಂತ ಗೊತ್ತಾದ ತಕ್ಷಣ ಒಂದು ಗುಂಡಿ ಒತ್ತಿ ಅಂದರು. ಮನಸ್ಸು ಅಲೆದಾಡುವಾಗ ಮಿದುಳಿನ ಒಂದು ಜಾಲ ಕೆಲಸ ಮಾಡುತ್ತಿತ್ತು, ಅಲೆದಾಡುತ್ತಿದ್ದೇನೆ ಅಂತ ಗೊತ್ತಾಗುವಾಗ ಇನ್ನೊಂದು, ಗಮನವನ್ನು ವಾಪಸ್ ತಂದು ಅಲ್ಲೇ ಇಟ್ಟುಕೊಳ್ಳುವಾಗ ಮತ್ತೊಂದು. ಅಂದರೆ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದಾರೆ ಅಂತ ಹೊರಗಿನಿಂದ ಕಾಣುವಾಗ ಒಳಗೆ ಮತ್ತೆ ಮತ್ತೆ ಇದೇ ಕಸರತ್ತು ನಡೆಯುತ್ತಿರುತ್ತದೆ.

ಇನ್ನು ಮನಸ್ಸು ಅಲೆಯುವುದು ನಿಮ್ಮೊಬ್ಬರ ದೋಷ ಅಂದುಕೊಳ್ಳಬೇಡಿ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು 2,250 ಜನರಿಗೆ ದಿನದಲ್ಲಿ ಯಾವ್ಯಾವುದೋ ಹೊತ್ತಿಗೆ ಫೋನಿನಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ? ಬಂದ ಉತ್ತರಗಳಲ್ಲಿ ಶೇಕಡಾ 46.9ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆಯುತ್ತಿದ್ದಾಗ ಜನ ಅಷ್ಟು ಖುಷಿಯಾಗೂ ಇರಲಿಲ್ಲ.

ಇದನ್ನು ಈಗ ಶೂಟಿಂಗ್ ದಿನಕ್ಕೆ ಹಚ್ಚಿ ನೋಡಿ. ನಿರ್ದೇಶಕರ ಮುಂದೆ ನಟಿ ಅಭಿನಯಿಸುತ್ತಿದ್ದಾರೆ, ಮಾನಿಟರ್ ಕಣ್ಣೆದುರೇ ಇದೆ, ಆದರೆ ತಲೆ ಮುಂದಿನ ಶಾಟಿನಲ್ಲೋ ನಿನ್ನೆಯ ಜಗಳದಲ್ಲೋ ಇದೆ. ಟೇಕ್ ಮುಗಿಯಿತು. ಎಲ್ಲರೂ ಇವರ ಕಡೆ ನೋಡುತ್ತಾರೆ. ಇವರಿಗೆ ಅದು ಚೆನ್ನಾಗಿತ್ತಾ ಇಲ್ವಾ ಅಂತ ಗೊತ್ತಿಲ್ಲ. ಒನ್ ಮೋರ್ ಅನ್ನುತ್ತಾರೆ. ಇಂಥ ಒನ್ ಮೋರ್‌ಗಳನ್ನು ನಾನು ಎಡಿಟಿಂಗ್ ಟೇಬಲ್ ಮೇಲೆ ನೂರಾರು ನೋಡಿದ್ದೇನೆ. ಎರಡನೇ ಟೇಕೇ ಎಲ್ಲಕ್ಕಿಂತ ಚೆನ್ನಾಗಿರುತ್ತದೆ, ಆಮೇಲೆ ಒಂಬತ್ತು ಟೇಕು ತೆಗೆದಿರುತ್ತಾರೆ, ಪ್ರತಿ ಟೇಕಿಗೂ ಆ ನಟಿಯ ಮುಖದಲ್ಲಿ ಜೀವ ಒಂದಿಷ್ಟು ಕಡಿಮೆ ಆಗುತ್ತಾ ಹೋಗಿರುತ್ತದೆ. ಆ ಎರಡನೇ ಟೇಕಿನ ಹೊತ್ತಿಗೆ ನಿರ್ದೇಶಕರು ಅಲ್ಲೇ ಇದ್ದರೂ ಅಲ್ಲಿರಲಿಲ್ಲ.

ಈ ವಿಷಯ ಬಂದಾಗ ಎಲ್ಲರೂ ಹೇಳುವ ಹೆಸರು ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಅವರದು. ನಾನೂ ಹೇಳುತ್ತೇನೆ, ಯಾಕೆಂದರೆ ಇಷ್ಟು ದೀರ್ಘ ಕಾಲ, ಇಷ್ಟು ಬಹಿರಂಗವಾಗಿ ಇದನ್ನು ಪಾಲಿಸಿದ ಇನ್ನೊಬ್ಬ ನಿರ್ದೇಶಕರು ಸಿಗುವುದು ಕಷ್ಟ. ಅವರು ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನ ಕಲಿತದ್ದು 1973ರ ಜುಲೈ 1ರಂದು. ಅವತ್ತಿನಿಂದ ದಿನಕ್ಕೆ ಎರಡು ಹೊತ್ತು, ಒಂದೊಂದು ಸಲಕ್ಕೆ ಸುಮಾರು ಇಪ್ಪತ್ತು ನಿಮಿಷ. ಆಗ ಅವರು ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರ 'ಎರೇಸರ್‌ಹೆಡ್'ನ ನಡುವೆ ಇದ್ದರು. ದುಡ್ಡಿಲ್ಲದೆ ನಿಂತು ನಿಂತು ನಡೆದ ಆ ಕೆಲಸ ತೆರೆಗೆ ಬಂದದ್ದು 1977ರಲ್ಲಿ. ಅಲ್ಲಿಂದ ನಲವತ್ತು ವರ್ಷ ಕಳೆದು, 2017ರಲ್ಲಿ, ಎಪ್ಪತ್ತು ದಾಟಿದ ಮೇಲೆ ಅವರು 18 ಕಂತುಗಳ ಒಂದು ಟಿವಿ ಸರಣಿಯನ್ನು ಪೂರ್ತಿಯಾಗಿ ತಾವೇ ನಿರ್ದೇಶಿಸಿದರು.

ಅವರೇ ಹೇಳಿಕೊಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಧ್ಯಾನ ಶುರು ಮಾಡುವ ಮುಂಚೆ ಅವರಲ್ಲಿ ತುಂಬಾ ಸಿಟ್ಟಿತ್ತು, ಅದನ್ನು ಹೆಂಡತಿಯ ಮೇಲೆ ಹಾಕುತ್ತಿದ್ದರು. ಶುರು ಮಾಡಿ ಎರಡು ವಾರಕ್ಕೆ ಹೆಂಡತಿ ಬಂದು, ನಿಮ್ಮ ಸಿಟ್ಟು ಎಲ್ಲಿ ಹೋಯಿತು ಅಂತ ಕೇಳಿದರಂತೆ. ಬದಲಾವಣೆ ಮೊದಲು ಕಂಡದ್ದು ಜೊತೆಯಲ್ಲಿ ಬದುಕುವವರಿಗೆ.

ಸಿಟ್ಟಿನ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕೂಗಾಡುವ ನಿರ್ದೇಶಕನೇ ದೊಡ್ಡ ನಿರ್ದೇಶಕ ಅನ್ನುವ ನಂಬಿಕೆ ಈ ಕೆಲಸದಲ್ಲಿ ಬೇರುಬಿಟ್ಟಿದೆ. ನಾನೂ ಅದನ್ನು ನಂಬಿದ್ದೆ. ಅಸೋಸಿಯೇಟ್ ಡೈರೆಕ್ಟರ್ ಆಗಿದ್ದಾಗ ಕ್ಲಾಪ್ ಹೊಡೆಯುವ ಹುಡುಗನೊಬ್ಬ ಟೇಕಿನ ಮಧ್ಯೆ ಬಂದು, "ಸರ್, ಟೇಬಲ್ ಮೇಲಿನ ಲೋಟ..." ಅಂದ. ಅವನ ಮಾತು ಮುಗಿಯುವ ಮುಂಚೆಯೇ ಇಡೀ ಯೂನಿಟ್ ಮುಂದೆ ಬೈದೆ. ಅವನು ಸುಮ್ಮನಾದ. ಆಮೇಲೆ ನಾಲ್ಕು ದಿನ ಅವನು ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಒಂದು ಮಾತೂ ಜಾಸ್ತಿ ಆಡಲಿಲ್ಲ. ರಶಸ್, ಅಂದರೆ ಇನ್ನೂ ಎಡಿಟ್ ಮಾಡದ ಶಾಟುಗಳನ್ನು ನೋಡುವಾಗ ಗೊತ್ತಾಯಿತು, ಇನ್ನೊಂದು ಸೀನಿನಲ್ಲಿ ಹೀರೋಯಿನ್ ಅಂಗಿಯ ಗುಂಡಿ ಒಂದು ಶಾಟಿನಲ್ಲಿ ಹಾಕಿದೆ, ಇನ್ನೊಂದರಲ್ಲಿ ಬಿಚ್ಚಿದೆ. ಆ ಸೀನನ್ನು ಅರ್ಧ ದಿನ ಮತ್ತೆ ತೆಗೆಯಬೇಕಾಯಿತು. ಆ ಹುಡುಗನಿಗೆ ಅದು ಅವತ್ತೇ ಕಂಡಿತ್ತು. ಹೇಳಲು ಧೈರ್ಯ ಆಗಲಿಲ್ಲ, ಅಷ್ಟೇ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ಬೇಜಾರಾಗುತ್ತದೆ.

ಸೆಟ್ಟಿನಲ್ಲಿ ಸಿಟ್ಟಿನಿಂದ ಆಗುವ ದೊಡ್ಡ ನಷ್ಟ ಇದೇ. ಜನ ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. ನೂರು ಜನರ ಯೂನಿಟ್ಟಿನಲ್ಲಿ ನೂರು ಜೊತೆ ಕಣ್ಣಿರುತ್ತವೆ, ಒಬ್ಬರ ಸಿಟ್ಟು ಅಷ್ಟೂ ಕಣ್ಣುಗಳನ್ನು ಮುಚ್ಚಿಸಬಹುದು.

ಇದಕ್ಕೆ ಎದುರಾಗಿ ಇನ್ನೊಂದು ಸಂಜೆಯನ್ನೂ ಹೇಳಬೇಕು. ಅವತ್ತು ನಾನು ಕೆಲಸ ಮಾಡುತ್ತಿದ್ದ ನಿರ್ದೇಶಕರು ವರ್ಷಗಳಿಂದ ದಿನಾ ಧ್ಯಾನ ಮಾಡುವವರು, ಅದರ ಬಗ್ಗೆ ಮಾತಾಡುವುದೇ ಕಡಿಮೆ. ಲೊಕೇಶನ್ ಕೈಲಿರುವುದು ಅದೊಂದೇ ದಿನ, ಬೆಳಕು ಇನ್ನು ಅರ್ಧ ಗಂಟೆ ಇದ್ದೀತು, ಜನರೇಟರ್ ಕೈಕೊಟ್ಟಿತು. ಎಲ್ಲರೂ ಅವರ ಮುಖ ನೋಡಿದರು. ಅವರು ತಲೆ ತಗ್ಗಿಸಿ ನೆಲ ನೋಡಿದರು. ಮೂರು ಉಸಿರು ಇರಬಹುದು, ನಾನು ಪಕ್ಕದಲ್ಲೇ ಇದ್ದೆ, ಭುಜ ಏರಿ ಇಳಿದದ್ದು ಕಾಣಿಸಿತು. ಆಮೇಲೆ ಕ್ಯಾಮೆರಾಮನ್ ಕಡೆ ತಿರುಗಿ, "ಸರ್, ಇರೋ ಬೆಳಕಲ್ಲಿ ಯಾವ ಶಾಟ್ ಆಗುತ್ತೆ ಹೇಳಿ" ಅಂದರು. ದನಿ ಏರಲಿಲ್ಲ. ಕಿಟಕಿಯ ಹತ್ತಿರ ನಟನನ್ನು ನಿಲ್ಲಿಸಿ, ಬೆನ್ನ ಹಿಂದಿನಿಂದ, ಇಡೀ ಸೀನನ್ನು ಒಂದೇ ಶಾಟಿನಲ್ಲಿ ತೆಗೆದರು. ಅವರಿಗೂ ಸಿಟ್ಟು ಬಂದೇ ಇರುತ್ತದೆ, ಬಾರದೆ ಇರಲು ಸಾಧ್ಯವಿಲ್ಲ. ಆದರೆ ಸಿಟ್ಟು ಬಂತು ಅನ್ನುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಅವರಿಗೆ ಮೂರು ಉಸಿರಿನಷ್ಟು ಜಾಗ ಇತ್ತು. ಬೆಳಗ್ಗೆ ಕುರ್ಚಿಯಲ್ಲಿ ಕೂತು ಅವರು ಅಷ್ಟು ವರ್ಷ ಸಂಪಾದಿಸಿದ್ದು ಆ ಜಾಗ.

ಶಾಂತವಾದ ಸೆಟ್ಟಿಗೆ ಇನ್ನೊಂದು ಪ್ರಸಿದ್ಧ ಉದಾಹರಣೆ ಅಮೆರಿಕದ ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್. ಅವರೂ ದಶಕಗಳಿಂದ ಧ್ಯಾನ ಮಾಡುತ್ತಿರುವುದಾಗಿ ಹೇಳಿಕೊಂಡವರು. 1971ರಲ್ಲಿ ಮೊದಲ ಚಿತ್ರ ನಿರ್ದೇಶಿಸಿದರು, 2024ರಲ್ಲಿ 94ನೇ ವಯಸ್ಸಿನಲ್ಲೂ ಅವರ ಚಿತ್ರ ಬಂತು. ಅವರ ಸೆಟ್ಟಿನಲ್ಲಿ ಆ್ಯಕ್ಷನ್ ಅಂತ ಕೂಗುವುದಿಲ್ಲ. ಟಿವಿಯ ಕೌಬಾಯ್ ಧಾರಾವಾಹಿಯಲ್ಲಿ ನಟಿಸುತ್ತಿದ್ದ ಕಾಲದಲ್ಲಿ ಆ ಕೂಗಿಗೆ ಕುದುರೆಗಳು ಬೆದರುವುದನ್ನು ನೋಡಿದ್ದರು. ಬೆದರುವುದು ಕುದುರೆಗಳು ಮಾತ್ರ ಅಲ್ಲವಲ್ಲ. ಆದರೆ ಇದೆಲ್ಲ ಧ್ಯಾನದಿಂದಲೇ ಆಯಿತು ಅಂತ ನಾನು ಹೇಳಲಾರೆ. ಪೋರ್ಚುಗಲ್‌ನ ಮನೋಯೆಲ್ ಡಿ ಒಲಿವೇರಾ ನೂರು ವರ್ಷ ದಾಟಿದ ಮೇಲೂ ಸಿನಿಮಾ ಮಾಡಿದರು, ಅವರ ಹೆಸರು ಈ ಧ್ಯಾನಿಗಳ ಪಟ್ಟಿಯಲ್ಲಿ ಯಾರೂ ಹೇಳುವುದಿಲ್ಲ. ದೀರ್ಘ ಕಾಲ ಉಳಿಯಲು ಬೇರೆ ದಾರಿಗಳೂ ಇವೆ.

ಈಗ ಐಡಿಯಾಗಳ ಪ್ರಶ್ನೆಗೆ ಬರೋಣ. ಲಿಂಚ್ ಅವರ 'ಮಲ್ಹೋಲಂಡ್ ಡ್ರೈವ್' ಮೊದಲು ಟಿವಿ ಸರಣಿಗಾಗಿ ತೆಗೆದದ್ದು. ಚಾನೆಲ್ಲಿನವರು ಅದನ್ನು ಬೇಡ ಅಂದರು. ಕೊನೆ ಇಲ್ಲದ, ಎಷ್ಟೋ ಎಳೆಗಳು ಹಾಗೇ ಬಿಟ್ಟುಹೋದ ಒಂದು ಕಂತನ್ನು ಪೂರ್ತಿ ಸಿನಿಮಾ ಮಾಡುವ ಅವಕಾಶ ಆಮೇಲೆ ಬಂದಾಗ ಅವರಿಗೆ ದಾರಿ ಹೊಳೆದಿರಲಿಲ್ಲ. ಒಂದು ಸಂಜೆ ಧ್ಯಾನಕ್ಕೆ ಕೂತಾಗ ಒಂದರ ಹಿಂದೆ ಒಂದು ಹೊಳೆಯುತ್ತಾ ಹೋಯಿತು ಅಂತ ಅವರು ಹೇಳಿದ್ದಾರೆ. 2001ರಲ್ಲಿ ಆ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಹಂಚಿಕೆಯಾಗಿ ಬಂತು.

ಇದನ್ನು ಓದಿ, ಕಣ್ಣು ಮುಚ್ಚಿದರೆ ಕಥೆ ಬರುತ್ತದೆ ಅಂದುಕೊಂಡು ಕೂತರೆ ನಿರಾಸೆ ಆಗುತ್ತದೆ. ಆ ಚಿತ್ರದ ಎಲ್ಲ ಸಾಮಗ್ರಿ, ಪಾತ್ರಗಳು, ಜಾಗಗಳು, ತೆಗೆದ ದೃಶ್ಯಗಳು, ಅವೆಲ್ಲ ಅದಾಗಲೇ ಅವರ ತಲೆಯೊಳಗೆ ಎಷ್ಟೋ ತಿಂಗಳಿಂದ ಇದ್ದವು. ಅವು ಒಂದಕ್ಕೊಂದು ಸೇರಲು ಸದ್ದು ಕಡಿಮೆ ಆಗಬೇಕಿತ್ತು. ಕದಡಿದ ನೀರು ತಿಳಿಯಾಗಲು ಹೊರಗಿನಿಂದ ಏನನ್ನೂ ಹಾಕಬೇಕಿಲ್ಲ, ಕಲಕುವುದನ್ನು ನಿಲ್ಲಿಸಬೇಕು. ಕೊಡದಲ್ಲಿ ನೀರೇ ಇಲ್ಲದಿದ್ದರೆ ಎಷ್ಟು ಹೊತ್ತು ಕೂತರೂ ಪ್ರಯೋಜನ ಇಲ್ಲ. ಓದಬೇಕು, ನೋಡಬೇಕು, ಬರೆದು ಹರಿದು ಹಾಕಬೇಕು, ಜನರ ನಡುವೆ ಇರಬೇಕು. ಅದು ಧ್ಯಾನದ ಕೆಲಸ ಅಲ್ಲ, ನಮ್ಮ ಕೆಲಸ.

ನನಗೆ ಧ್ಯಾನ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಎಡಿಟಿಂಗ್ ರೂಮಿನಲ್ಲಿ. ಎಡಿಟರ್‌ಗೆ ದೊಡ್ಡ ಶತ್ರು ಅಂದರೆ ರೂಢಿ. ಒಂದು ಸೀನನ್ನು ಎಂಬತ್ತು ಸಲ ನೋಡಿದ ಮೇಲೆ ಅದು ನಗಿಸುತ್ತಾ, ಅಳಿಸುತ್ತಾ, ಏನೂ ಗೊತ್ತಾಗುವುದಿಲ್ಲ. ಪ್ರೇಕ್ಷಕರು ನೋಡುವುದು ಒಂದೇ ಸಲ. ಅವರ ಆ ಒಂದು ಸಲದ ಕಣ್ಣನ್ನು ನಾವು ಹೇಗಾದರೂ ಮಾಡಿ ವಾಪಸ್ ಪಡೆಯಬೇಕು. ಒಬ್ಬೊಬ್ಬರು ಒಂದೊಂದು ಉಪಾಯ ಮಾಡುತ್ತಾರೆ. ಹೆಸರಾಂತ ಎಡಿಟರ್ ವಾಲ್ಟರ್ ಮರ್ಚ್ ನಿಂತುಕೊಂಡೇ ಎಡಿಟ್ ಮಾಡುತ್ತಾರೆ, ಮಾನಿಟರ್ ಪಕ್ಕದಲ್ಲಿ ಕಾಗದದಲ್ಲಿ ಕತ್ತರಿಸಿದ ಪುಟ್ಟ ಮನುಷ್ಯರನ್ನು ಅಂಟಿಸಿ, ದೊಡ್ಡ ಪರದೆಯ ಮುಂದೆ ಕೂತವರಿಗೆ ಇದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತಿದ್ದರು.

ನನ್ನ ಉಪಾಯ ಹದಿನೈದು ನಿಮಿಷ ಕಣ್ಣು ಮುಚ್ಚುವುದು. ಒಂದು ಚಿತ್ರದಲ್ಲಿ ಅಪ್ಪ ಮಗಳ ಸೀನಿತ್ತು. ಮಗಳು ಮನೆ ಬಿಟ್ಟು ಹೋಗುತ್ತಾಳೆ, ಬಾಗಿಲು ಎಳೆದುಕೊಳ್ಳುತ್ತಾಳೆ, ಚಿಲಕದ ಸದ್ದು ಬಂದ ಕೂಡಲೇ ಅಪ್ಪನ ಮುಖಕ್ಕೆ ಕಟ್. ಎಲ್ಲರೂ ಸರಿಯಿದೆ ಅಂದರು, ನಿರ್ದೇಶಕರೂ ಅಂದರು, ನನಗೆ ಮಾತ್ರ ಏನೋ ಕೊರತೆ, ಏನು ಅಂತ ಹೇಳಲು ಬರುತ್ತಿಲ್ಲ. ರಾತ್ರಿ ಹನ್ನೊಂದಾಗಿತ್ತು. ಹೊರಗೆ ಪ್ಯಾಸೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಮೊದಲ ಐದು ನಿಮಿಷ ಆ ಚಿಲಕದ ಸದ್ದೇ ತಲೆಯೊಳಗೆ. ಬಂತು, ಬಿಟ್ಟೆ, ಉಸಿರಿಗೆ ವಾಪಸ್. ಮತ್ತೆ ಬಂತು, ಮತ್ತೆ ಬಿಟ್ಟೆ. ಯಾವಾಗಲೋ ಅದು ನಿಂತಿತು, ಎಸಿಯ ಸದ್ದು ಕೇಳಿಸತೊಡಗಿತು, ಬೆನ್ನು ನೋಯುತ್ತಿದೆ ಅಂತ ಗೊತ್ತಾಯಿತು. ಒಳಗೆ ಬಂದು ಸೀನು ಹಾಕಿದೆ. ಕಟ್ ಆದ ಮೇಲೆ ಉಳಿದಿದ್ದ ತುಣುಕನ್ನೂ ಓಡಿಸಿದೆ. ಬಾಗಿಲು ಮುಚ್ಚಿದ ಮೇಲೂ ಗಾಜಿನ ಆಚೆ ಅವಳ ಕೈಯ ನೆರಳು ಚಿಲಕದ ಮೇಲೆ ಹಾಗೇ ಇತ್ತು. ಅರ್ಧ ಸೆಕೆಂಡ್. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 12 ಫ್ರೇಮು. ಅದನ್ನು ಸೇರಿಸಿದೆ. ಹೋಗುವವಳಿಗೆ ಹೋಗಲು ಮನಸ್ಸಿಲ್ಲ ಅನ್ನುವುದು ಆ 12 ಫ್ರೇಮಿನಲ್ಲಿತ್ತು. ಅಷ್ಟು ದಿನವೂ ಅದು ಅಲ್ಲೇ ಇತ್ತು, ನನಗೇ ಕಂಡಿರಲಿಲ್ಲ.

ವಿಜ್ಞಾನ ಏನು ಹೇಳುತ್ತದೆ ಅನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. 2014ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಪರಿಶೀಲನೆಯಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರನ್ನು ಒಟ್ಟಿಗೆ ನೋಡಿದರು. ಆತಂಕ, ಖಿನ್ನತೆ, ನೋವು, ಇವು ಧ್ಯಾನದಿಂದ ಸ್ವಲ್ಪ ಮಟ್ಟಿಗೆ ಕಡಿಮೆ ಆಗುತ್ತವೆ ಅನ್ನುವುದಕ್ಕೆ ಸಾಕಷ್ಟು ಆಧಾರ ಸಿಕ್ಕಿತು. ಗಮನ ಹೆಚ್ಚುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಅನ್ನುವುದಕ್ಕೆ ಅಷ್ಟು ಆಧಾರ ಸಿಗಲಿಲ್ಲ. ವ್ಯಾಯಾಮದಂಥ ಬೇರೆ ದಾರಿಗಳಿಗಿಂತ ಧ್ಯಾನ ಮೇಲು ಅಂತಲೂ ಕಾಣಲಿಲ್ಲ. ಎಂಟು ವಾರ ಧ್ಯಾನ ಮಾಡಿದರೆ ಮಿದುಳಿನ ರಚನೆಯೇ ಬದಲಾಗುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ, ಅಲ್ವಾ? 2022ರಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಮೇಲೆ ಎಚ್ಚರಿಕೆಯಿಂದ ನಡೆಸಿದ ಪ್ರಯೋಗದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ನಾನು ಮೇಲೆ ಹೇಳಿದ 12 ಫ್ರೇಮಿನ ಕಥೆ ನನ್ನ ಅನುಭವ, ಅದನ್ನು ಪುರಾವೆ ಅಂತ ತೆಗೆದುಕೊಳ್ಳಬೇಡಿ. ಆತಂಕ ಕಡಿಮೆ ಆಗುತ್ತದೆ ಅನ್ನುವುದು ಮಾತ್ರ ಗಟ್ಟಿ ನೆಲದ ಮೇಲಿರುವ ಮಾತು, ಮುಂದಿನ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದೆ ಬದುಕುವ ನಮ್ಮಂಥವರಿಗೆ ಅದೊಂದೇ ಸಾಕಷ್ಟು ದೊಡ್ಡದು.

2018ರಲ್ಲಿ ಬಂದ ಇನ್ನೊಂದು ಅಧ್ಯಯನ ಕೆಲಸದ ಜಾಗಕ್ಕೆ ನೇರವಾಗಿ ಅನ್ವಯಿಸುತ್ತದೆ. ಸ್ವಲ್ಪ ಹೊತ್ತು ಧ್ಯಾನ ಮಾಡಿದ ಕೂಡಲೇ ಒಂದು ಸಾಧಾರಣ ಕೆಲಸ ಕೊಟ್ಟರೆ ಅದನ್ನು ಮಾಡುವ ಹುಮ್ಮಸ್ಸು ಕಡಿಮೆ ಇರುತ್ತದೆ, ಆದರೆ ಮಾಡಿದ ಕೆಲಸದ ಗುಣಮಟ್ಟ ಕಡಿಮೆ ಆಗುವುದಿಲ್ಲ ಅನ್ನುವುದು ಅದರ ಸಾರ. ನನಗೂ ಹಾಗೇ ಆಗಿದೆ. ಫೈಟ್ ಸೀನು ತೆಗೆಯುವ ಐದು ನಿಮಿಷ ಮುಂಚೆ ಕಣ್ಣು ಮುಚ್ಚಿ ಕೂರುವುದು ಒಳ್ಳೆ ಸಮಯ ಅಲ್ಲ. ಬೆಳಗ್ಗೆ ಕೂತು ಬನ್ನಿ.

ಇನ್ನೊಂದು ವಿಷಯಕ್ಕೆ ನಾನು ತುಂಬಾ ಗಟ್ಟಿಯಾಗಿ ನಿಲ್ಲುತ್ತೇನೆ. ಧ್ಯಾನ ನಿದ್ದೆಗೆ ಬದಲಿ ಅಲ್ಲ. 1997ರಲ್ಲಿ ಅಮೆರಿಕದಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಒಬ್ಬರು 19 ಗಂಟೆ ಕೆಲಸ ಮಾಡಿ, ತಾವೇ ಕಾರು ಓಡಿಸಿಕೊಂಡು ಮನೆಗೆ ಹೋಗುವಾಗ ನಿದ್ದೆ ಹತ್ತಿ ಅಪಘಾತದಲ್ಲಿ ತೀರಿಕೊಂಡರು. ಹಿರಿಯ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಅದಾದ ಮೇಲೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಬೇಡ ಅಂತ ವರ್ಷಗಟ್ಟಲೆ ಹೋರಾಡಿದರು, ಅದರ ಬಗ್ಗೆ 2006ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದರು. ಹದಿನೆಂಟು ಗಂಟೆ ಕೆಲಸ ಮಾಡಿಸಿ, ಟೆನ್ಷನ್ ಆದರೆ ಧ್ಯಾನ ಮಾಡಿ ಅನ್ನುವ ನಿರ್ಮಾಣ ಸಂಸ್ಥೆ ನಿಮಗೆ ಸಿಕ್ಕರೆ ಅದು ಧ್ಯಾನವನ್ನು ಕೆಟ್ಟದ್ದಕ್ಕೆ ಬಳಸುತ್ತಿದೆ. ಪೇಮೆಂಟ್ ಬಾರದಿದ್ದರೆ ಕೇಳಬೇಕು. ಸೆಟ್ಟಿನಲ್ಲಿ ಸುರಕ್ಷತೆ ಇಲ್ಲದಿದ್ದರೆ ಆಗುವುದಿಲ್ಲ ಅನ್ನಬೇಕು. ಸಮಾಧಾನ ಇದ್ದವರು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಬಲ್ಲರು.

ದೇಹದ ವಿಷಯದಲ್ಲೂ ಹಾಗೇ. ಲಿಂಚ್ ಎಷ್ಟೋ ವರ್ಷ ಸಿಗರೇಟ್ ಸೇದಿದವರು. ಅದರಿಂದ ಶ್ವಾಸಕೋಶ ಹಾಳಾಗಿದೆ, ಮನೆಯಿಂದ ಹೊರಗೆ ಹೋಗಲು ಆಗುತ್ತಿಲ್ಲ ಅಂತ 2024ರಲ್ಲಿ ಅವರೇ ಹೇಳಿದರು. 2025ರ ಜನವರಿಯಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಐವತ್ತು ವರ್ಷದ ಧ್ಯಾನಕ್ಕೂ ಆ ಹಾನಿಯನ್ನು ತಡೆಯಲು ಆಗಲಿಲ್ಲ. ಅವರ ಮೇಲಿನ ಗೌರವದಿಂದಲೇ ಇದನ್ನು ಹೇಳುತ್ತಿದ್ದೇನೆ.

ಕೆಲವರಿಗೆ ಧ್ಯಾನದಿಂದಲೇ ತೊಂದರೆ ಆಗುವುದೂ ಇದೆ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಪರಿಶೀಲನೆಯೊಂದರಲ್ಲಿ ಸುಮಾರು ಶೇಕಡಾ 8ರಷ್ಟು ಜನರಿಗೆ ಆತಂಕ, ಖಿನ್ನತೆಯಂಥ ಕೆಟ್ಟ ಅನುಭವ ಆಗಿತ್ತು. ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ, ಹಳೆಯ ಆಘಾತ ಮತ್ತೆ ಮತ್ತೆ ಎದುರಿಗೆ ಬರುತ್ತದೆ ಅಂದರೆ ಹಟ ಮಾಡಬೇಡಿ. ನಿಲ್ಲಿಸಿ, ವೈದ್ಯರ ಹತ್ತಿರ ಮಾತಾಡಿ. ನಡೆಯುವುದು, ಈಜುವುದು, ಇವೂ ಮನಸ್ಸನ್ನು ತಿಳಿಗೊಳಿಸುತ್ತವೆ.

ಹಾಗಾದರೆ ಹೊತ್ತುಗೊತ್ತಿಲ್ಲದ ಈ ಕೆಲಸದಲ್ಲಿ ದಿನಾ ಕೂರುವುದು ಹೇಗೆ? ಇದನ್ನೇ ಎಲ್ಲರೂ ಕೇಳುತ್ತಾರೆ. ಒಂದು ದಿನ ಕಾಲ್‌ಶೀಟ್ ಬೆಳಗ್ಗೆ ಐದಕ್ಕೆ, ಇನ್ನೊಂದು ದಿನ ರಾತ್ರಿ ಶೂಟಿಂಗ್. ಗಡಿಯಾರಕ್ಕೆ ಕಟ್ಟಿದರೆ ಮೂರನೇ ದಿನಕ್ಕೆ ತಪ್ಪುತ್ತದೆ. ಯಾವತ್ತೂ ತಪ್ಪದ ಒಂದು ಕೆಲಸಕ್ಕೆ ಕಟ್ಟಿ. ನಾನು ಹಲ್ಲುಜ್ಜುವುದಕ್ಕೆ ಕಟ್ಟಿದ್ದೇನೆ. ಎದ್ದದ್ದು ಬೆಳಗ್ಗೆ ನಾಲ್ಕಕ್ಕಾಗಲಿ ಮಧ್ಯಾಹ್ನ ಎರಡಕ್ಕಾಗಲಿ, ಹಲ್ಲುಜ್ಜಿದ ಮೇಲೆ ಕುರ್ಚಿ, ಆಮೇಲೆ ಫೋನು. ಈ ಕ್ರಮ ತಲೆಕೆಳಗಾಗಬಾರದು. ಮೊದಲು ಫೋನು ನೋಡಿದರೆ ಯೂನಿಟ್ ಗ್ರೂಪಿನ ಅರವತ್ತು ಮೆಸೇಜು ಕುರ್ಚಿಯ ಮೇಲೆ ನಿಮ್ಮ ಜೊತೆ ಕೂರುತ್ತವೆ. ಶೂಟಿಂಗ್ ಇಲ್ಲದ ದಿನ ಇಪ್ಪತ್ತು ನಿಮಿಷ, ಇದ್ದ ದಿನ ಹತ್ತು. ಹತ್ತೂ ಆಗದಿದ್ದರೆ ಲೊಕೇಶನ್‌ಗೆ ಹೋಗುವ ವ್ಯಾನಿನಲ್ಲಿ ಐದು. ಒಂದು ದಿನ ತಪ್ಪಿದರೆ ಮರುದಿನ ಜಾಸ್ತಿ ಕೂತು ಲೆಕ್ಕ ತೀರಿಸಬೇಕಿಲ್ಲ. ಮರುದಿನ ಕೂತರೆ ಆಯಿತು.

ಉಸಿರೋ, ಮಂತ್ರವೋ, ಸುಮ್ನೆ ಬಂದದ್ದನ್ನು ಗಮನಿಸುತ್ತಾ ಇರುವುದೋ ಅನ್ನುವುದು ನನ್ನ ಪ್ರಕಾರ ಎರಡನೆಯ ಮಾತು. ಯಾವುದನ್ನು ಆರು ತಿಂಗಳು ಬಿಡದೆ ಮಾಡುತ್ತೀರೋ ಅದೇ ನಿಮ್ಮ ವಿಧಾನ. ಕೂತಾಗ ಒಳ್ಳೆ ಐಡಿಯಾ ಬಂದರೆ ಎದ್ದು ಬರೆದುಕೊಳ್ಳಬೇಕಾ? ನಾನು ಏಳುವುದಿಲ್ಲ. ಸಮಯ ಮುಗಿದ ಮೇಲೆ, ಬೇರೆ ಯಾವುದನ್ನೂ ಮುಟ್ಟುವ ಮುಂಚೆ ಬರೆಯುತ್ತೇನೆ. ಅಷ್ಟರಲ್ಲಿ ಮರೆತುಹೋದ ಐಡಿಯಾಗಳ ಬಗ್ಗೆ ನನಗೆ ಚಿಂತೆ ಇಲ್ಲ.

ಇದೆಲ್ಲಕ್ಕಿಂತ ಕಷ್ಟದ ಕಾಲ ಅಂದರೆ ಎರಡು ಸಿನಿಮಾಗಳ ನಡುವಿನದು. ಲಿಂಚ್ ಅವರಂಥವರಿಗೂ 2006ರ ಚಿತ್ರ ಆದ ಮೇಲೆ ಮುಂದಿನ ದೊಡ್ಡ ಕೆಲಸ ತೆರೆ ಕಾಣಲು 2017 ಆಯಿತು. ಆ ಹನ್ನೊಂದು ವರ್ಷ ಅವರು ಪೇಂಟಿಂಗ್ ಮಾಡಿದರು, ಸಂಗೀತ ಮಾಡಿದರು, ದಿನಕ್ಕೆರಡು ಹೊತ್ತು ಕೂತರು. ನನಗೆ ಒಮ್ಮೆ ಹದಿನಾಲ್ಕು ತಿಂಗಳು ಕೆಲಸ ಇರಲಿಲ್ಲ. ಶೂಟಿಂಗ್ ಇರುವಾಗ ದಿನಕ್ಕೆ ಒಂದು ಆಕಾರ ಇರುತ್ತದೆ, ಯಾರೋ ಕರೆಯುತ್ತಾರೆ, ಯಾರೋ ಬೈಯುತ್ತಾರೆ, ನಾವು ಬೇಕಾದವರು ಅನಿಸುತ್ತದೆ. ಕೆಲಸ ಇಲ್ಲದಾಗ ಬೆಳಗ್ಗೆ ಏಳಲು ಕಾರಣವೇ ಇರುವುದಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ದಿನದ ಮೊದಲ ಅರ್ಧ ಗಂಟೆ ಮಾತ್ರ ಯಾರ ಫೋನಿಗೂ ಕಾಯದೆ ನಡೆಯುತ್ತಿತ್ತು. ಹಲ್ಲುಜ್ಜುವುದು, ಕುರ್ಚಿ, ಉಸಿರು. ಕೂತಾಗ ಭಯ ಬರುತ್ತಿತ್ತು. ಇನ್ನು ಯಾರೂ ಕರೆಯುವುದಿಲ್ಲ, ನಿನ್ನ ಕಾಲ ಮುಗಿಯಿತು ಅನ್ನುತ್ತಿತ್ತು. ಅದು ಬಂದಾಗ, ಬಂತು ಅಂತ ಗುರುತಿಸಿ ಉಸಿರಿಗೆ ವಾಪಸ್ ಬರುತ್ತಿದ್ದೆ. ಭಯ ಹೋಗುತ್ತಿರಲಿಲ್ಲ, ಆದರೆ ಕುರ್ಚಿಯಿಂದ ಎದ್ದ ಮೇಲೆ ಅದು ಹೇಳಿದ್ದನ್ನೆಲ್ಲ ನಂಬದೆ ಎರಡು ಗಂಟೆ ಬರೆಯಲು ಆಗುತ್ತಿತ್ತು.

ಹದಿನೈದನೇ ತಿಂಗಳಲ್ಲಿ ಒಂದು ಸಣ್ಣ ಚಿತ್ರದ ಎಡಿಟಿಂಗ್ ಬಂತು. ಮೊದಲ ದಿನದ ರಶಸ್ ನಾಲ್ಕು ಗಂಟೆಯದಿತ್ತು. ಪೂರ್ತಿ ನೋಡಿದೆ, ಒಂದು ಶಾಟನ್ನೂ ಫಾಸ್ಟ್ ಫಾರ್ವರ್ಡ್ ಮಾಡಲಿಲ್ಲ.